ಪುಕ್ಕಟೆ ಭೂಮಿಯ ಕಾಲದಲ್ಲಿ ಇಂಗಲ್ಸ್ ಮನೆಯವರು ಯಾಕೆ ಅಷ್ಟು ಅಲೆದರು?

ಪ್ರಶ್ನೆ: ಒಂಬತ್ತು ವರ್ಷದ ಮಗಳ ಜೊತೆ ಕೂತು ಲಾರಾ ಇಂಗಲ್ಸ್ ವೈಲ್ಡರ್ ಅವರ ಕಾದಂಬರಿಗಳನ್ನು ಓದುತ್ತಿದ್ದೇನೆ. ಮೊನ್ನೆ ಅವಳು ಕೇಳಿದಳು: "ಇವರಿಗೆ ಸರ್ಕಾರ ಪುಕ್ಕಟೆ ಜಮೀನು ಕೊಡುತ್ತಿತ್ತಲ್ಲ, ಮತ್ತೆ ಯಾಕೆ ಪ್ರತಿ ಸಲ ಗಾಡಿ ಕಟ್ಟಿಕೊಂಡು ಹೊರಡುತ್ತಾರೆ? ಯಾಕೆ ಯಾವಾಗಲೂ ಬಡವರು?" ನನಗೆ ಉತ್ತರ ಹೊಳೆಯಲಿಲ್ಲ. ಆ ಮನೆತನದ ನಿಜವಾದ ಚರಿತ್ರೆ ಏನು? ಕಾದಂಬರಿಯಲ್ಲಿರುವುದೆಲ್ಲ ನಡೆದದ್ದೇ? ಅವರ ವಂಶದವರು ಈಗ ಇದ್ದಾರೆಯೇ?

ಉತ್ತರ: ನಿಮ್ಮ ಮಗಳು ಕೇಳಿದ್ದನ್ನೇ ಅಮೆರಿಕದ ಇತಿಹಾಸಕಾರರೂ ಬಹಳ ಕಾಲದಿಂದ ಕೇಳುತ್ತಿದ್ದಾರೆ. ಮೊದಲು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ, ಆಮೇಲೆ ವಿವರಕ್ಕೆ ಹೋಗೋಣ. ಲಾರಾಳ ಅಪ್ಪ ಚಾರ್ಲ್ಸ್ ಇಂಗಲ್ಸ್ ತನ್ನನ್ನು ರೈತ ಎಂದುಕೊಂಡಿದ್ದ, ಆದರೆ ಅವನ ಹೊಲ ಅವನ ಮನೆಯವರ ಹೊಟ್ಟೆ ತುಂಬಿಸಿದ ವರ್ಷಗಳು ತೀರಾ ಕಡಿಮೆ. ಮನೆ ನಡೆದದ್ದು ಅವನ ಬಡಗಿ ಕೆಲಸದಿಂದ, ಬೇರೆಯವರ ಹೊಲದ ಕೂಲಿಯಿಂದ, ಹೋಟೆಲ್ ಚಾಕರಿಯಿಂದ, ರೈಲು ಗುತ್ತಿಗೆದಾರರ ಸಂಬಳದಿಂದ, ಕೊನೆಗೆ ಹೆಣ್ಣುಮಕ್ಕಳ ದುಡಿಮೆಯಿಂದ. ಇನ್ನು ಆ ಪುಕ್ಕಟೆ ಭೂಮಿ. ಅದು ಅವರ ಕೈಗೆ ಬಂದದ್ದು ಮದುವೆಯಾಗಿ ಇಪ್ಪತ್ತು ವರ್ಷ ಕಳೆದ ಮೇಲೆ, ಅದೂ ಮಳೆಯನ್ನು ನಂಬಲಾಗದ ಡಕೋಟಾದಲ್ಲಿ.

ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾಗಿರುವುದು ಅಲ್ಲಿನ ಕಾಗದಪತ್ರಗಳಿಂದ. ಹತ್ತೊಂಬತ್ತನೇ ಶತಮಾನದ ಅಮೆರಿಕದ ಒಂದು ಸಾಮಾನ್ಯ ಹಳ್ಳಿಮನೆ ಬಿಟ್ಟುಹೋದ ದಾಖಲೆಗಳು ನಾವು ಅಂದುಕೊಳ್ಳುವುದಕ್ಕಿಂತ ಹೆಚ್ಚು. ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಯುತ್ತಿತ್ತು, 1850ರಿಂದ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರೂ ಅದರಲ್ಲಿದೆ. ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿಯಲ್ಲಿ ಜಮೀನಿನ ಕ್ರಯಪತ್ರಗಳಿವೆ, ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲಾಗಾರದಲ್ಲಿ ಪುಕ್ಕಟೆ ಭೂಮಿ ಕೊಡುತ್ತಿದ್ದ ಹೋಮ್‌ಸ್ಟೆಡ್ ಕಾನೂನಿನ ಕಡತಗಳಿವೆ. ಮನೆಯ ಬೈಬಲ್ಲಿನಲ್ಲಿ ಹುಟ್ಟು, ಮದುವೆ, ಸಾವುಗಳನ್ನು ಬರೆದಿಡುವ ರೂಢಿಯಿತ್ತು. ಊರೂರಿನ ವಾರಪತ್ರಿಕೆಗಳು ಯಾರ ಮನೆಯಲ್ಲಿ ಯಾರಿಗೆ ಕಾಯಿಲೆ ಎಂಬುದನ್ನೂ ಅಚ್ಚು ಹಾಕುತ್ತಿದ್ದವು. ಇವನ್ನೆಲ್ಲ ಲಾರಾಳ ಕಾದಂಬರಿಗಳ ಪಕ್ಕದಲ್ಲಿಟ್ಟು ನೋಡಿದರೆ ಕಾದಂಬರಿ ಎಲ್ಲಿ ನಿಜ ಹೇಳಿದೆ, ಎಲ್ಲಿ ಮೌನವಾಗಿದೆ ಎಂಬುದು ಕಾಣುತ್ತದೆ.

ಚಾರ್ಲ್ಸ್ ಹುಟ್ಟಿದ್ದು 1836ರಲ್ಲಿ, ನ್ಯೂಯಾರ್ಕ್ ರಾಜ್ಯದ ಕ್ಯೂಬಾ ಎಂಬ ಊರಿನಲ್ಲಿ. ಲಾರಾಳ ಅಮ್ಮ ಕ್ಯಾರೊಲಿನ್ ಕ್ವೈನರ್ 1839ರಲ್ಲಿ ವಿಸ್ಕಾನ್ಸಿನ್ನಿನಲ್ಲಿ ಹುಟ್ಟಿದಳು. ಅವಳಿಗೆ ಆರು ತುಂಬುವ ಮೊದಲೇ ತಂದೆ ಮಿಶಿಗನ್ ಸರೋವರದಲ್ಲಿ ಹಡಗು ಮುಳುಗಿ ತೀರಿಕೊಂಡ. ಮಕ್ಕಳನ್ನು ಕಟ್ಟಿಕೊಂಡು ಉಳಿದ ವಿಧವೆ ತಾಯಿ ಕೆಲವು ವರ್ಷಗಳ ಮೇಲೆ ಮರುಮದುವೆಯಾದಳು. ಓದು ಬಿಡಬಾರದು, ಶಾಲೆ ಇರುವ ಕಡೆಯೇ ಮನೆ ಮಾಡಬೇಕು ಎಂಬ ಕ್ಯಾರೊಲಿನ್‌ಳ ಹಟದ ಹಿಂದೆ ಈ ಬಾಲ್ಯ ಇದೆ ಎಂದು ನನ್ನ ನಂಬಿಕೆ. ಮದುವೆಗೆ ಮುಂಚೆ ಅವಳೂ ಶಾಲೆಯಲ್ಲಿ ಪಾಠ ಹೇಳಿದವಳು.

ಎರಡೂ ಕುಟುಂಬ ವಿಸ್ಕಾನ್ಸಿನ್ನಿನ ಕಾನ್ಕಾರ್ಡ್‌ನಲ್ಲಿ ನೆರೆಹೊರೆ. ಅಲ್ಲಿ ಕೊಟ್ಟು ತರುವ ಸಂಬಂಧ ಒಂದಲ್ಲ, ಮೂರು ನಡೆದವು. ಇಂಗಲ್ಸ್ ಮನೆಯ ಪಾಲಿಯನ್ನು ಕ್ವೈನರ್ ಮನೆಯ ಹೆನ್ರಿಗೆ ಕೊಟ್ಟರು. ಕ್ವೈನರ್ ಮನೆಯ ಕ್ಯಾರೊಲಿನ್ 1860ರ ಫೆಬ್ರವರಿ 1ರಂದು ಚಾರ್ಲ್ಸ್‌ನ ಕೈ ಹಿಡಿದಳು, ಅವಳ ತಂಗಿ ಎಲೈಜಾ ಚಾರ್ಲ್ಸ್‌ನ ಅಣ್ಣ ಪೀಟರ್‌ನನ್ನು ಮದುವೆಯಾದಳು. ಈ ಬೀಗತನವನ್ನು ನೆನಪಿಡಿ. ಮುಂದೆ ಇವರು ಎಲ್ಲಿ ಸೋತರೂ ಹೋಗಿ ಸೇರಿಕೊಂಡದ್ದು ಪೀಟರ್‌ನ ಮನೆಯನ್ನೋ ಹೆನ್ರಿಯ ಮನೆಯನ್ನೋ. ಕಾದಂಬರಿಯಲ್ಲಿ ಒಂದೇ ಒಂದು ಕುಟುಂಬ ಕಾಡಿನಲ್ಲಿ, ಬಯಲಿನಲ್ಲಿ ಒಂಟಿಯಾಗಿ ಬದುಕುತ್ತದೆ. ದಾಖಲೆಗಳಲ್ಲಿ ಅವರು ಒಂಟಿಯಾಗಿದ್ದ ವರ್ಷಗಳು ಕಡಿಮೆ.

1863ರಲ್ಲಿ ಚಾರ್ಲ್ಸ್ ಮತ್ತು ಹೆನ್ರಿ ಸೇರಿ ವಿಸ್ಕಾನ್ಸಿನ್ನಿನ ಪೆಪಿನ್ ಬಳಿ 160 ಎಕರೆ ಕಾಡುಭೂಮಿ ಕೊಂಡು ಅರ್ಧರ್ಧ ಮಾಡಿಕೊಂಡರು. ಹಿರಿಮಗಳು ಮೇರಿ 1865ರಲ್ಲಿ, ಲಾರಾ 1867ರ ಫೆಬ್ರವರಿ 7ರಂದು ಹುಟ್ಟಿದ್ದು ಇಲ್ಲೇ. ಮರದ ಬೊಡ್ಡೆ ಕಿತ್ತು ಹೊಲ ಮಾಡುವ ಕೆಲಸ ಚಾರ್ಲ್ಸ್‌ಗೆ ಬೇಸರ ತರಿಸಿತ್ತು, ಬಯಲುಸೀಮೆ ಕರೆಯುತ್ತಿತ್ತು. 1868ರಲ್ಲಿ ಅವನು ಪೆಪಿನ್ನಿನ ಜಮೀನನ್ನು ಕಂತಿನ ಮೇಲೆ ಮಾರಿ, ಮಿಸೂರಿಯ ಚಾರಿಟನ್ ಕೌಂಟಿಯಲ್ಲಿ ಸಾಲದ ಮೇಲೆ ಜಮೀನು ಕೊಂಡ. ಮಿಸೂರಿಯ ಈ ಅಧ್ಯಾಯ ಕಾದಂಬರಿಗಳಲ್ಲಿ ಇಲ್ಲವೇ ಇಲ್ಲ, ಕ್ರಯಪತ್ರಗಳಲ್ಲಿದೆ. ಅಲ್ಲಿ ನಿಲ್ಲಲಾಗದೆ 1869ರಲ್ಲಿ ಕ್ಯಾನ್ಸಸ್ಸಿಗೆ ಹೋದರು, ಕೊಂಡ ಜಮೀನನ್ನು ಮಾರಿದವನಿಗೇ ಬರೆದುಕೊಟ್ಟರು. ಮನೆಯವರ ಕೈಯಲ್ಲಿ ರೊಕ್ಕ ಇರಲಿಲ್ಲ, ಇದ್ದದ್ದು ಬರಬೇಕಾದ ಕಂತು ಮತ್ತು ಕೊಡಬೇಕಾದ ಕಂತು. ಆ ಕಾಲದ ಗಡಿನಾಡಿನ ಅರ್ಧ ವ್ಯವಹಾರ ಹೀಗೇ ನಡೆಯುತ್ತಿತ್ತು, ಸರಪಳಿಯ ಒಂದು ಕೊಂಡಿ ಬಿಟ್ಟರೂ ಎಲ್ಲರ ಬದುಕೂ ಅಲ್ಲಾಡುತ್ತಿತ್ತು.

ಕ್ಯಾನ್ಸಸ್ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಕಾದಂಬರಿಗೂ ದಾಖಲೆಗೂ ಇರುವ ಅಂತರ ಇಲ್ಲಿ ಕಣ್ಣಿಗೆ ಕಟ್ಟುವ ಹಾಗೆ ಕಾಣುತ್ತದೆ. ಕಾದಂಬರಿಯ ಲಾರಾ ಎಲ್ಲವನ್ನೂ ಗಮನಿಸುವಷ್ಟು ದೊಡ್ಡ ಹುಡುಗಿ, ತಂಗಿ ಕ್ಯಾರಿ ಆಗಲೇ ತೊಟ್ಟಿಲಲ್ಲಿದ್ದಾಳೆ. ನಿಜದಲ್ಲಿ ಲಾರಾಗೆ ಆಗ ಎರಡೂವರೆ ವರ್ಷ. ಅವಳು ಬರೆದದ್ದರಲ್ಲಿ ಹೆಚ್ಚಿನದು ಅಪ್ಪ ಅಮ್ಮ ಹೇಳಿ ಕೇಳಿದ ನೆನಪು. ಮನೆ ಇದ್ದ ಜಾಗವೂ ಅವಳಿಗೆ ಸರಿಯಾಗಿ ತಿಳಿದಿರಲಿಲ್ಲ. ಇಂಡಿಪೆಂಡೆನ್ಸ್ ಪಟ್ಟಣದಿಂದ ನಲವತ್ತು ಮೈಲಿ ಎಂದು ಬರೆದಳು. ಆ ಲೆಕ್ಕ ಹಿಡಿದು 1930ರ ದಶಕದಲ್ಲಿ ಲಾರಾ ಮತ್ತು ಅವಳ ಮಗಳು ರೋಸ್ ಇಬ್ಬರೂ ಒಕ್ಲಹೋಮಾದ ಕಡೆಗೆ ಹುಡುಕಿಕೊಂಡು ಹೋದರೂ ಜಾಗ ಸಿಗಲಿಲ್ಲ. ಲಾರಾ ತೀರಿಕೊಂಡ ಮೇಲೆ ಕ್ಯಾನ್ಸಸ್ಸಿನ ಸ್ಥಳೀಯ ಸಂಶೋಧಕಿಯೊಬ್ಬರು ಅದನ್ನು ಪತ್ತೆ ಮಾಡಿದರು. ಮನೆಯ ಬೈಬಲ್ಲಿನಲ್ಲಿ ಕ್ಯಾರಿ ಹುಟ್ಟಿದ್ದು 1870ರ ಆಗಸ್ಟ್ 3, ಮಾಂಟ್ಗಾಮರಿ ಕೌಂಟಿ, ಕ್ಯಾನ್ಸಸ್ ಎಂದು ಬರೆದಿತ್ತು. ಹಾಗಿದ್ದರೆ ಮನೆ ಒಕ್ಲಹೋಮಾದಲ್ಲಿ ಇರಲು ಸಾಧ್ಯವಿಲ್ಲ. ಅದೇ ಆಗಸ್ಟಿನಲ್ಲಿ ಆ ಕೌಂಟಿಯ ರಟ್ಲೆಂಡ್ ಟೌನ್‌ಶಿಪ್ಪಿನಲ್ಲಿ ಜನಗಣತಿಯವನು ಮನೆಮನೆ ಸುತ್ತಿದ್ದ. ಅವನ ಪುಟದಲ್ಲಿ ಇಂಗಲ್ಸ್ ಕುಟುಂಬ ಸಿಕ್ಕಿತು, ಅಕ್ಕಪಕ್ಕದ ಮನೆಗಳೂ ಸಿಕ್ಕವು. ನೆರೆಯವರು ಯಾವ ಯಾವ ಜಮೀನು ಹಿಡಿದಿದ್ದರೆಂದು ಭೂದಾಖಲೆಯಲ್ಲಿ ನೋಡುತ್ತ ಬಂದರೆ ನಡುವೆ ಉಳಿಯುವ ತುಂಡೇ ಇಂಗಲ್ಸರದು. ಅದು ಇಂಡಿಪೆಂಡೆನ್ಸ್‌ನಿಂದ ಹದಿಮೂರು ಮೈಲಿಯ ಆಸುಪಾಸಿನಲ್ಲಿದೆ, ಕೈಯಿಂದ ತೋಡಿದ ಹಳೆಯ ಬಾವಿಯೂ ಅಲ್ಲಿತ್ತು. ಮನೆತನದ ಚರಿತ್ರೆ ಹುಡುಕುವವರಿಗೆ ನಾನು ಯಾವಾಗಲೂ ಈ ಉದಾಹರಣೆ ಕೊಡುತ್ತೇನೆ. ನಿಮ್ಮವರ ಹೆಸರೊಂದನ್ನೇ ಹುಡುಕಬೇಡಿ, ನೆರೆಯವರನ್ನೂ ಹುಡುಕಿ.

ಅದೇ ಜನಗಣತಿಯ ಪುಟದಲ್ಲಿ ಇನ್ನೂ ಎರಡು ಸಂಗತಿಗಳಿವೆ. ಚಾರ್ಲ್ಸ್‌ನ ಉದ್ಯೋಗ ಬಡಗಿ ಎಂದಿದೆ. ಜಮೀನಿನ ಬೆಲೆ ಬರೆಯುವ ಅಂಕಣ ಖಾಲಿ ಇದೆ, ಯಾಕೆಂದರೆ ಆ ನೆಲ ಓಸೇಜ್ ಎಂಬ ಮೂಲನಿವಾಸಿ ಜನರದು, ಅಲ್ಲಿ ಕೂತ ಬಿಳಿಯರಲ್ಲಿ ಯಾರಿಗೂ ಹಕ್ಕುಪತ್ರ ಇರಲಿಲ್ಲ. ನಮ್ಮ ಓದುಗರಿಗೆ ಬಗರ್‌ಹುಕುಂ ಎಂದರೆ ಚಿತ್ರ ಕಣ್ಣ ಮುಂದೆ ಬರುತ್ತದೆ: ಮೊದಲು ಉಳುಮೆ, ಆಮೇಲೆ ಸರ್ಕಾರ ಸಕ್ರಮ ಮಾಡುತ್ತದೆಂಬ ನಂಬಿಕೆ. ದೊಡ್ಡ ವ್ಯತ್ಯಾಸವೆಂದರೆ ಇದು ಸರ್ಕಾರದ ಪಾಳುಭೂಮಿ ಅಲ್ಲ, ಒಪ್ಪಂದದ ಮೂಲಕ ಒಂದು ಜನಾಂಗಕ್ಕೆ ಉಳಿಸಿಕೊಟ್ಟ ನೆಲ. ಓಸೇಜರು ಕಾಡೆಮ್ಮೆ ಬೇಟೆಗೆ ಪಶ್ಚಿಮಕ್ಕೆ ಹೋಗಿ ಬರುವಷ್ಟರಲ್ಲಿ ಅವರ ಊರು, ಹೊಲಗಳಲ್ಲಿ ಬೇರೆಯವರು ಮನೆ ಕಟ್ಟಿಕೊಂಡಿರುತ್ತಿದ್ದರು. ಕಾದಂಬರಿಯಲ್ಲಿ ಅವರು ಬಾಗಿಲಿಗೆ ಬಂದು ನಿಂತು ಊಟ ತೆಗೆದುಕೊಂಡು ಹೋಗುವ ದೃಶ್ಯ ಮಗಳಿಗೆ ಭಯ ಹುಟ್ಟಿಸಿರಬಹುದು. ಯಾರು ಯಾರ ನೆಲದಲ್ಲಿದ್ದರು ಎಂಬುದನ್ನು ಅವಳಿಗೆ ಹೇಳಿ ಆಮೇಲೆ ಅದೇ ದೃಶ್ಯವನ್ನು ಮತ್ತೆ ಓದಿಸಿ.

ಸೈನಿಕರು ಬಂದು ಎಬ್ಬಿಸುತ್ತಾರೆಂಬ ಸುದ್ದಿಗೆ ಸಿಟ್ಟಾಗಿ ಅಪ್ಪ ಮನೆ ಬಿಟ್ಟ ಎಂದು ಕಾದಂಬರಿ ಹೇಳುತ್ತದೆ. ಆದರೆ 1870ರ ಜುಲೈ 15ರಂದು ಅಮೆರಿಕದ ಸಂಸತ್ತು ಮಾಡಿದ ಕಾನೂನು ವಲಸಿಗರ ಪರವಾಗಿತ್ತು. ಓಸೇಜರನ್ನು ಮೂಲನಿವಾಸಿಗಳಿಗೆಂದು ಮೀಸಲಿಟ್ಟ ಇಂಡಿಯನ್ ಟೆರಿಟರಿಗೆ (ಇಂದಿನ ಒಕ್ಲಹೋಮಾ) ಸಾಗಿಸುವುದು, ಅವರ ನೆಲವನ್ನು ಎಕರೆಗೆ 1.25 ಡಾಲರಿನಂತೆ ಅಲ್ಲಿ ಕೂತವರಿಗೇ ಮಾರುವುದು ಎಂದು ನಿರ್ಧಾರವಾಯಿತು. ಚಾರ್ಲ್ಸ್ ಉಳಿದುಕೊಂಡಿದ್ದರೆ 160 ಎಕರೆಗೆ 200 ಡಾಲರ್ ಕಟ್ಟಿ ಪಟ್ಟಾ ಪಡೆಯಬಹುದಿತ್ತು. ಆದರೆ ಪೆಪಿನ್ನಿನ ಮನೆ ಕೊಂಡವನು ಕಂತು ಕಟ್ಟಲಾರೆ, ಜಮೀನು ವಾಪಸು ತೆಗೆದುಕೋ ಎಂದ. ಕೈಗೆ ಬರಬೇಕಾದ ದುಡ್ಡು ನಿಂತಿತು, ಇತ್ತ ವಿಸ್ಕಾನ್ಸಿನ್ನಿನಲ್ಲಿ ಸ್ವಂತ ಮನೆ ವಾಪಸು ಸಿಗುವಂತಿತ್ತು. 1871ರಲ್ಲಿ ವಾಪಸು ಹೋದರು. ಕಾಡಿನ ಮನೆಯ ಬಗ್ಗೆ ಲಾರಾ ಬರೆದ ನೆನಪುಗಳೆಲ್ಲ ನಿಜವಾಗಿ ಕ್ಯಾನ್ಸಸ್ಸಿನಿಂದ ಮರಳಿದ ಮೇಲಿನವು. ಕಾದಂಬರಿಗಳ ಸರಣಿಯಲ್ಲಿ ಮಾತ್ರ ಈ ಕ್ರಮ ಹಿಂದುಮುಂದಾಗಿದೆ.

ಈಗ ಮಿಡತೆಗಳ ವಿಷಯ. ನಿಮ್ಮ ಮಗಳ ಪ್ರಶ್ನೆಗೆ ಅತಿ ಸ್ಪಷ್ಟ ಉತ್ತರ ಇಲ್ಲಿ ಸಿಗುತ್ತದೆ.

1874ರಲ್ಲಿ ಅವರು ಮಿನ್ನೆಸೋಟಾದ ವಾಲ್ನಟ್ ಗ್ರೋವ್ ಹತ್ತಿರ, ಪ್ಲಮ್ ಕ್ರೀಕ್ ಹಳ್ಳದ ದಂಡೆಯಲ್ಲಿ 172 ಎಕರೆ ಹಿಡಿದರು. ಇದು ಡಕೋಟಾ ಎಂಬ ಮೂಲನಿವಾಸಿ ಜನರಿಂದ 1851ರ ಒಪ್ಪಂದದಲ್ಲಿ ತೆಗೆದುಕೊಂಡ ಸೀಮೆ. 1862ರಲ್ಲಿ ಅಲ್ಲಿ ಯುದ್ಧವಾಗಿ, ಆ ಡಿಸೆಂಬರ್ 26ರಂದು ಮ್ಯಾಂಕೇಟೊದಲ್ಲಿ 38 ಡಕೋಟಾ ಗಂಡಸರನ್ನು ಒಟ್ಟಿಗೆ ಗಲ್ಲಿಗೇರಿಸಿ ಇನ್ನೂ ಹನ್ನೆರಡು ವರ್ಷ ತುಂಬಿರಲಿಲ್ಲ. ಈ ಜಮೀನು ಪುಕ್ಕಟೆಯದಲ್ಲ. ರೈಲು ಕಂಪನಿಗೆ ಸರ್ಕಾರ ಒಂದು ಬಿಟ್ಟು ಒಂದರಂತೆ ಭೂಮಿಯ ಚದರಗಳನ್ನು ದಾನ ಕೊಟ್ಟಿತ್ತು, ನಡುವೆ ಉಳಿದ ಸರ್ಕಾರಿ ಚದರಗಳಿಗೆ ಎಕರೆಗೆ ದುಪ್ಪಟ್ಟು ಬೆಲೆ, ಅಂದರೆ 2.50 ಡಾಲರ್. ಮೊದಲು ಹಿಡಿದು ಆಮೇಲೆ ಹಣ ಕಟ್ಟುವ ಪದ್ಧತಿ ಅದು. ಒಂದು ಗೋದಿ ಬೆಳೆ ಕೈಗೆ ಬಂದರೆ ಕಟ್ಟಿಬಿಡುತ್ತೇನೆ ಎಂಬ ಲೆಕ್ಕ ಚಾರ್ಲ್ಸ್‌ನದು.

ಬಂದದ್ದು ಮಿಡತೆ. ರಾಕಿ ಪರ್ವತದ ಮಿಡತೆ ಎಂದು ಹೆಸರಾದ ಈ ಜಾತಿ 1873ರಿಂದ 1877ರ ತನಕ ಮಿನ್ನೆಸೋಟಾದ ನೈಋತ್ಯ ಭಾಗವನ್ನು ತಿಂದುಹಾಕಿತು. 1875ರಲ್ಲಿ ನೆಬ್ರಾಸ್ಕಾದಲ್ಲಿ ಆಲ್ಬರ್ಟ್ ಚೈಲ್ಡ್ ಎಂಬ ವೈದ್ಯ ಒಂದು ಹಿಂಡು ದಾಟಿಹೋಗುವುದನ್ನು ದಿನಗಟ್ಟಲೆ ಗಮನಿಸಿ, ಅಕ್ಕಪಕ್ಕದ ಊರುಗಳಿಗೆ ತಂತಿ ಕಳಿಸಿ ವಿಚಾರಿಸಿ, ಅದು 1,800 ಮೈಲಿ ಉದ್ದ, 110 ಮೈಲಿ ಅಗಲ ಇರಬೇಕೆಂದು ಅಂದಾಜು ಮಾಡಿದ. ಹಸಿರು ಮುಗಿದ ಮೇಲೆ ಹಗ್ಗ, ಬಟ್ಟೆ, ಉಪಕರಣಗಳ ಮರದ ಹಿಡಿಯನ್ನೂ ಅವು ಕಡಿಯುತ್ತಿದ್ದವು. ಬೆಳೆ ತಿಂದು ಹೋದರೆ ಒಂದು ವರ್ಷದ ನಷ್ಟ. ಆದರೆ ಅವು ಹೋಗುವ ಮುಂಚೆ ಮಣ್ಣಿನಲ್ಲಿ ಮೊಟ್ಟೆ ಇಟ್ಟಿರುತ್ತಿದ್ದವು, ಮುಂದಿನ ವಸಂತದಲ್ಲಿ ಮರಿಗಳು ಎದ್ದು ಮೊಳಕೆಯನ್ನೇ ತಿನ್ನುತ್ತಿದ್ದವು. ಚಾರ್ಲ್ಸ್ ರೈಲಿಗೂ ದುಡ್ಡಿಲ್ಲದೆ ಕಾಲ್ನಡಿಗೆಯಲ್ಲಿ ಪೂರ್ವಕ್ಕೆ ಹೋಗಿ, ಮಿಡತೆ ಮುಟ್ಟದ ಸೀಮೆಯಲ್ಲಿ ಕೊಯ್ಲಿನ ಕೂಲಿ ಮಾಡಿ ಮನೆಗೆ ಹಣ ಕಳಿಸಿದ. ಇಷ್ಟನ್ನು ಕಾದಂಬರಿ ಹೇಳುತ್ತದೆ.

ಕಾದಂಬರಿ ಹೇಳದೆ ಬಿಟ್ಟದ್ದು ಸರ್ಕಾರಿ ಕಡತದಲ್ಲಿದೆ. 1875ರ ಕೊನೆಗೆ ಚಾರ್ಲ್ಸ್ ಕೌಂಟಿ ಅಧಿಕಾರಿಗಳ ಮುಂದೆ ಹೋಗಿ, ತನ್ನ ಬಳಿ ಏನೂ ಉಳಿದಿಲ್ಲವೆಂದು ಪ್ರಮಾಣ ಮಾಡಿ, ಸಹಿ ಹಾಕಿ, ಎರಡು ಅರ್ಧ ಪೀಪಾಯಿ ಹಿಟ್ಟು ತೆಗೆದುಕೊಂಡು ಬಂದ. ಪರಿಹಾರ ಬೇಕಾದವರು ತಾವು ನಿರ್ಗತಿಕರೆಂದು ಹೀಗೆ ಘೋಷಿಸಲೇಬೇಕಿತ್ತು. ಈ ಮನೆತನದ ಎಲ್ಲ ಕಾಗದಗಳಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಇದೇ. ಅವನ ಹೆಂಡತಿ ಆ ನವೆಂಬರ್ ಮೊದಲ ದಿನ ಗಂಡುಮಗುವನ್ನು ಹೆತ್ತಿದ್ದಳು, ಬಾಣಂತಿ. ಯಾರಿಗೂ ಕೈಯೊಡ್ಡದೆ ಸ್ವಂತ ದುಡಿಮೆಯಿಂದ ನಿಂತ ಮನೆ ಎಂಬ ಚಿತ್ರವನ್ನು ಲಾರಾ ಮತ್ತು ಅವಳ ಮಗಳು ರೋಸ್ 1930ರ ದಶಕದಲ್ಲಿ ಕಟ್ಟಿದರು. ಸರ್ಕಾರದ ನೆರವು ಯೋಜನೆಗಳನ್ನು ಇಬ್ಬರೂ ಗಟ್ಟಿಯಾಗಿ ವಿರೋಧಿಸುತ್ತಿದ್ದ ಕಾಲ ಅದು. ಆ ಹಿಟ್ಟು ಆ ಚಿತ್ರದಲ್ಲಿ ಹಿಡಿಸುತ್ತಿರಲಿಲ್ಲ. ಆದರೆ ಹಸಿದ ಮಕ್ಕಳಿಗಾಗಿ ಆ ಸಹಿ ಹಾಕಿದ ಮನುಷ್ಯನ ಬಗ್ಗೆ ನನಗೆ ಗೌರವ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

1876ರ ಜುಲೈನಲ್ಲಿ ಅವನು ಆ ಜಮೀನಿಗೆ ಸುಮಾರು 430 ಡಾಲರ್ ಕಟ್ಟಿ ತನ್ನ ಹೆಸರಿಗೆ ಮಾಡಿಸಿಕೊಂಡು, ಕೂಡಲೇ 400 ಡಾಲರಿಗೆ ಮಾರಿಬಿಟ್ಟ. ಎರಡು ವರ್ಷದ ಬೆವರು, ಕಟ್ಟಿದ ಹಲಗೆ ಮನೆ, ಎಲ್ಲದರ ಮೇಲೆ ಮೂವತ್ತು ಡಾಲರ್ ನಷ್ಟ. ಆ ಮಿಡತೆ ಜಾತಿ ಮುಂದೆ ಭೂಮಿಯಿಂದಲೇ ಅಳಿದುಹೋಯಿತು, ಜೀವಂತ ಮಿಡತೆ ಕೊನೆಯ ಸಲ ಸಿಕ್ಕಿದ್ದು 1902ರಲ್ಲಿ. ಅವು ಮೊಟ್ಟೆಯಿಡುತ್ತಿದ್ದ ಪರ್ವತ ಕಣಿವೆಗಳನ್ನು ರೈತರು ಉತ್ತು ನೀರು ಹಾಯಿಸಿದ್ದೇ ಕಾರಣವಿರಬೇಕೆಂದು ಕೀಟವಿಜ್ಞಾನಿಗಳು ಊಹಿಸುತ್ತಾರೆ.

ಆ ಬೇಸಿಗೆ ಪೂರ್ವ ಮಿನ್ನೆಸೋಟಾದ ಸೌತ್ ಟ್ರಾಯ್‌ನಲ್ಲಿ ಪೀಟರ್‌ನ ಮನೆ ಸೇರಿದರು. ಆಗಸ್ಟ್ 27ರಂದು ಗಂಡುಮಗು ಚಾರ್ಲ್ಸ್ ಫ್ರೆಡರಿಕ್ ಅಲ್ಲೇ ತೀರಿಕೊಂಡಿತು. ಹತ್ತು ತಿಂಗಳೂ ತುಂಬಿರಲಿಲ್ಲ. ಕಾದಂಬರಿಗಳಲ್ಲಿ ಈ ಮಗು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ನಿಮ್ಮ ಮಗಳಿಗೆ ಲಾರಾಗೊಬ್ಬ ತಮ್ಮನಿದ್ದ ಎಂದು ಹೇಳಿ.

ಅಲ್ಲಿಂದ ಅಯೋವಾದ ಬರ್ ಓಕ್ ಎಂಬ ಊರಿಗೆ, ಪರಿಚಯದವರ ಹೋಟೆಲ್ ಚಾಕರಿಗೆ. ಈ ಒಂದು ವರ್ಷವನ್ನೂ ಕಾದಂಬರಿಗಳು ಪೂರ್ತಿ ನುಂಗಿಕೊಂಡಿವೆ. ಆದರೆ ಲಾರಾ 1930ರಲ್ಲಿ ಬರೆದು, 2014ರಲ್ಲಷ್ಟೇ ಅಚ್ಚಾದ ಆತ್ಮಕಥನದಲ್ಲಿ ಅದನ್ನು ಮುಚ್ಚಿಡದೆ ಹೇಳಿದ್ದಾಳೆ. ಊರಿನ ವೈದ್ಯರ ಹೆಂಡತಿ ಬಂದು ಲಾರಾಳನ್ನು ದತ್ತು ಕೊಡಿ ಎಂದು ಕೇಳಿದ್ದಳು, ಕ್ಯಾರೊಲಿನ್ ಒಪ್ಪಲಿಲ್ಲ. ಕಿರಿಮಗಳು ಗ್ರೇಸ್ 1877ರ ಮೇ 23ರಂದು ಇಲ್ಲಿ ಹುಟ್ಟಿದಳು. ಬಾಡಿಗೆ ಬಾಕಿ ಏರಿತು, ಮನೆ ಮಾಲೀಕ ಕುದುರೆ ಹಿಡಿದುಕೊಳ್ಳುತ್ತೇನೆಂದು ಹೆದರಿಸಿದ, ಇವರು ರಾತ್ರೋರಾತ್ರಿ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಗಾಡಿ ಈ ಸಲ ಹೊರಟದ್ದು ಪೂರ್ವದಿಂದ ಪಶ್ಚಿಮಕ್ಕೇ ಆದರೂ, ಹೊಸ ಭೂಮಿಯ ಆಸೆಯಿಂದಲ್ಲ. ಮತ್ತೆ ಬಂದದ್ದು ವಾಲ್ನಟ್ ಗ್ರೋವ್‌ಗೆ, ಈ ಸಲ ಜಮೀನಿಲ್ಲದೆ. ಚಾರ್ಲ್ಸ್ ಬಡಗಿ ಕೆಲಸ, ಸಿಕ್ಕಿದ ಕೂಲಿ ಮಾಡಿದ. ಹನ್ನೊಂದರ ಆಸುಪಾಸಿನ ಲಾರಾ ಹೋಟೆಲಿನಲ್ಲಿ ತಟ್ಟೆ ತೊಳೆದು ವಾರಕ್ಕೆ ಐವತ್ತು ಸೆಂಟ್ ತಂದಳು.

1879ರಲ್ಲಿ ಹದಿನಾಲ್ಕರ ಮೇರಿ ಕಾಯಿಲೆ ಬಿದ್ದು ಕಣ್ಣು ಕಳೆದುಕೊಂಡಳು. ಕಾದಂಬರಿ ಇದನ್ನು ಸ್ಕಾರ್ಲೆಟ್ ಜ್ವರ ಎನ್ನುತ್ತದೆ. ಊರಿನ ಪತ್ರಿಕೆಯ ಸುದ್ದಿ, ಲಾರಾಳ ಪತ್ರ ಮತ್ತು ಆತ್ಮಕಥನ, ಅಂಧರ ಶಾಲೆಯ ದಾಖಲೆ ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಅಮೆರಿಕದ ವೈದ್ಯರು 2013ರಲ್ಲಿ, ಇದು ಮೆದುಳು ಮತ್ತು ಅದರ ಪೊರೆಗೆ ತಗಲಿದ ವೈರಸ್ ಸೋಂಕೇ ಇರಬೇಕೆಂದು ತೀರ್ಮಾನಿಸಿದರು. ವೈದ್ಯರ ಖರ್ಚು ಮತ್ತೊಂದು ಸಾಲವಾಯಿತು. ಅದೇ ವರ್ಷ ಚಾರ್ಲ್ಸ್‌ನ ತಂಗಿ ಡೋಷಿಯಾ ಬಂದು, ತನ್ನ ಗಂಡ ಡಕೋಟಾದಲ್ಲಿ ರೈಲು ಹಳಿ ಗುತ್ತಿಗೆ ಹಿಡಿದಿದ್ದಾನೆ, ಲೆಕ್ಕ ಬರೆಯಲು, ಅಂಗಡಿ ನೋಡಿಕೊಳ್ಳಲು ನೀನು ಬಾ ಎಂದು ಕರೆದಳು. ನೋಡಿ, ಇಲ್ಲೂ ದಾರಿ ತೆರೆದದ್ದು ನೆಂಟಸ್ತಿಕೆ ಮತ್ತು ಸಂಬಳ.

ಈಗಷ್ಟೇ ನಿಮ್ಮ ಮಗಳು ಹೇಳಿದ ಪುಕ್ಕಟೆ ಭೂಮಿ ಬರುತ್ತದೆ. ಲಿಂಕನ್ 1862ರ ಮೇ 20ರಂದು ಸಹಿ ಹಾಕಿದ ಹೋಮ್‌ಸ್ಟೆಡ್ ಕಾನೂನಿನ ಪ್ರಕಾರ ಮನೆಯ ಯಜಮಾನರಾದವರು, ಅಥವಾ 21 ತುಂಬಿದ ಯಾವುದೇ ಗಂಡಸು, ಒಂಟಿ ಹೆಂಗಸು, 160 ಎಕರೆ ಹಿಡಿದು, ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಿದರೆ ಪಟ್ಟಾ ಸಿಗುತ್ತಿತ್ತು. ಚಾರ್ಲ್ಸ್ 1880ರ ಫೆಬ್ರವರಿಯಲ್ಲಿ ಬ್ರೂಕಿಂಗ್ಸ್‌ಗೆ ಹೋಗಿ ಸುಮಾರು 14 ಡಾಲರ್ ಶುಲ್ಕ ಕಟ್ಟಿ ಡಿ ಸ್ಮೆಟ್ ಊರಿನ ಪಕ್ಕ ಜಮೀನು ಬರೆಸಿಕೊಂಡ. ಭೂಮಿಗೆ ದುಡ್ಡಿಲ್ಲ, ನಿಜ. ಆದರೆ ಉಳಿದದ್ದಕ್ಕೆಲ್ಲ ದುಡ್ಡು ಬೇಕು. ಸಾವಿರಾರು ವರ್ಷದ ಹುಲ್ಲಿನ ಬೇರು ಹೆಣೆದುಕೊಂಡ ನೆಲವನ್ನು ಒಡೆಯಲು ಉಕ್ಕಿನ ನೇಗಿಲು, ಗಟ್ಟಿ ಎತ್ತು ಅಥವಾ ಕುದುರೆ ಬೇಕು. ಹೊಸದಾಗಿ ಮಗುಚಿದ ಮಣ್ಣು ಮೊದಲ ವರ್ಷ ಒಳ್ಳೆಯ ಬೆಳೆ ಕೊಡುವುದಿಲ್ಲ. ಮರವಿಲ್ಲದ ಸೀಮೆಯಾದ್ದರಿಂದ ಮನೆಗೆ ಹಲಗೆ, ಒಲೆಗೆ ಕಲ್ಲಿದ್ದಲು ರೈಲಿನಲ್ಲಿ ಬರಬೇಕು. ಆ ಐದು ವರ್ಷ ಮನೆಯವರು ತಿನ್ನುವುದೇನು? ಒಟ್ಟು ಸುಮಾರು 40 ಲಕ್ಷ ಅರ್ಜಿಗಳಲ್ಲಿ ಪಟ್ಟಾ ತನಕ ಮುಟ್ಟಿದ್ದು 16 ಲಕ್ಷ ಚಿಲ್ಲರೆ. ಉಳಿದವರು ನಡುವೆಯೇ ಕೈಬಿಟ್ಟರು, ಮಾರಿದರು, ಕಳೆದುಕೊಂಡರು.

ಮೊದಲ ಚಳಿಗಾಲವೇ ಆ ಶತಮಾನದ ಕಠೋರ ಚಳಿಗಾಲ. 1880ರ ಅಕ್ಟೋಬರಿನಲ್ಲೇ ಹಿಮಬಿರುಗಾಳಿ ಶುರು. ಜನವರಿಯಲ್ಲಿ ನಿಂತ ರೈಲು ಮತ್ತೆ ಡಿ ಸ್ಮೆಟ್ ಮುಟ್ಟಿದ್ದು ಮೇ ತಿಂಗಳಲ್ಲಿ. ಹುಲ್ಲನ್ನು ಹುರಿಮಾಡಿ ಒಲೆಗೆ ಹಾಕಿದ್ದು, ಕಾಫಿ ಬೀಜ ಪುಡಿ ಮಾಡುವ ಗಿರಣಿಯಲ್ಲಿ ಗೋದಿ ಬೀಸಿ ರೊಟ್ಟಿ ಮಾಡಿದ್ದು ನಡೆದ ಸಂಗತಿಗಳೇ. ಆದರೆ ಆ ಚಳಿಗಾಲ ಇಂಗಲ್ಸ್ ಮನೆಯಲ್ಲಿ ಅವರಷ್ಟೇ ಇರಲಿಲ್ಲ. ಇನ್ನೊಂದು ಎಳೆಯ ದಂಪತಿ ಆಶ್ರಯ ಕೇಳಿ ಬಂದು ಉಳಿದಿದ್ದರು, ಅವರಿಗೆ ಅಲ್ಲೇ ಮಗುವೂ ಹುಟ್ಟಿತು. ಲಾರಾ ಅವರನ್ನು ಕಾದಂಬರಿಯಿಂದ ಬೇಕೆಂದೇ ಹೊರಗಿಟ್ಟಳು.

ಮುಂದಿನ ವರ್ಷಗಳಲ್ಲಿ ಮನೆ ನಿಂತದ್ದು ಹೇಗೆ? ಚಾರ್ಲ್ಸ್ ಡಿ ಸ್ಮೆಟ್ ಊರಿನ ಕಟ್ಟಡಗಳಿಗೆ ಬಡಗಿಯಾದ, ಶಾಂತಿಪಾಲಕ ನ್ಯಾಯಾಧೀಶನಾದ. ಮೇರಿ 1881ರಿಂದ 1889ರ ತನಕ ಅಯೋವಾದ ವಿಂಟನ್‌ನಲ್ಲಿದ್ದ ಅಂಧರ ಕಾಲೇಜಿನಲ್ಲಿ ಓದಿದಳು. ಬೋಧನೆಯ ಖರ್ಚು ಡಕೋಟಾ ಟೆರಿಟರಿಯ ಸರ್ಕಾರದ್ದು, ಬಟ್ಟೆ ಮತ್ತು ಪ್ರಯಾಣದ್ದು ಮನೆಯದು. ಲಾರಾ ಹೊಲಿಗೆ ಕೆಲಸ ಮಾಡಿ, ಹದಿನೇಳು ತುಂಬುವ ಮೊದಲೇ ಹಳ್ಳಿ ಶಾಲೆಯಲ್ಲಿ ಪಾಠ ಹೇಳಿ ಹಣ ತಂದಳು. ಓದು ಮುಗಿಸಿ ಬಂದ ಮೇರಿ ಕುದುರೆಗಳಿಗೆ ನೊಣದ ಬಲೆ ಹೆಣೆದು ಮಾರಿದಳು. ಕ್ಯಾರಿ ಊರಿನ ಪತ್ರಿಕೆಯಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ ಕಲಿತಳು. ಮುಂದೆ ಅವಳು ಒಂಟಿ ಹೆಂಗಸಾಗಿ ತನ್ನದೇ ಹೆಸರಿನಲ್ಲಿ ಪಶ್ಚಿಮ ಸೌತ್ ಡಕೋಟಾದಲ್ಲಿ ಹೋಮ್‌ಸ್ಟೆಡ್ ಹಿಡಿದಳು ಎಂಬುದನ್ನು ನಿಮ್ಮ ಮಗಳಿಗೆ ಹೇಳಲು ಮರೆಯಬೇಡಿ.

1886ರಲ್ಲಿ ಚಾರ್ಲ್ಸ್ ಸಾಕ್ಷಿಗಳನ್ನು ಕರೆದುಕೊಂಡು ಹೋಗಿ ವಾಸ, ಸಾಗುವಳಿ ರುಜುವಾತು ಮಾಡಿದ, ಜಮೀನು ಅವನದಾಯಿತು. ಅಲ್ಲಿಗೆ ಬರಗಾಲದ ವರ್ಷಗಳು ಶುರುವಾಗಿದ್ದವು. 1887ರಲ್ಲಿ ಊರೊಳಗೆ ಮನೆ ಕಟ್ಟಿದ, 1892ರಲ್ಲಿ ಹೊಲ ಮಾರಿದ. ಕ್ಯಾರೊಲಿನ್‌ಗೆ ಕೊಟ್ಟ ಮಾತಿನಂತೆ ಡಿ ಸ್ಮೆಟ್ ಬಿಟ್ಟು ಮತ್ತೆಲ್ಲೂ ಹೋಗಲಿಲ್ಲ. 1902ರ ಜೂನ್ 8ರಂದು ಅಲ್ಲೇ ತೀರಿಕೊಂಡ. ಕ್ಯಾರೊಲಿನ್ 1924ರ ತನಕ ಬದುಕಿದ್ದಳು. ಲಾರಾ 1885ರಲ್ಲಿ ಅಲ್ಮಾಂಜೊ ವೈಲ್ಡರ್‌ನನ್ನು ಮದುವೆಯಾದಳು. ಗಂಟಲಮಾರಿ, ಗಂಡನ ಪಾರ್ಶ್ವವಾಯು, ಕೂಸಿನ ಸಾವು, ಮನೆಗೆ ಬೆಂಕಿ, ಮೇಲಿಂದ ಮೇಲೆ ಬರ, ಇಷ್ಟನ್ನು ಅನುಭವಿಸಿ 1894ರಲ್ಲಿ ಮಿಸೂರಿಯ ಮ್ಯಾನ್ಸ್‌ಫೀಲ್ಡ್‌ಗೆ ಹೋಗಿ ನೆಲೆ ನಿಂತಳು.

ಕಾದಂಬರಿ ನಿಜವೇ ಎಂಬ ಪ್ರಶ್ನೆಗೆ ಈಗ ನೇರವಾಗಿ ಹೇಳಬಹುದು. ಕೆಲಸಗಳ ವಿವರ ನಿಜ: ಬಾಗಿಲು ಮಾಡಿದ್ದು, ಬೆಣ್ಣೆ ಕಡೆದದ್ದು, ಮಾಂಸ ಹೊಗೆಗಿಟ್ಟದ್ದು. ಊರುಗಳು ನಿಜ, ಹವಾಮಾನ ನಿಜ. ಬಿಟ್ಟದ್ದು ಸಾಲ, ದಾನದ ಹಿಟ್ಟು, ಸತ್ತ ಮಗು, ರಾತ್ರಿ ಓಡಿಹೋದದ್ದು, ನೆರವಾದ ನೆಂಟರು. ಇನ್ನು ಮೂಲನಿವಾಸಿಗಳ ಬಗೆಗಿನ ಕೆಲವು ಮಾತುಗಳು ಓದುವಾಗ ಚುಚ್ಚುತ್ತವೆ. 1935ರ ಮೊದಲ ಮುದ್ರಣದಲ್ಲಿ ಕ್ಯಾನ್ಸಸ್ ಸೀಮೆಯಲ್ಲಿ ಜನರೇ ಇರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರು ಎಂಬ ಅರ್ಥದ ಸಾಲೊಂದಿತ್ತು. ಓದುಗರೊಬ್ಬರು ಆಕ್ಷೇಪಿಸಿದ ಮೇಲೆ ಲಾರಾ ತನ್ನ ತಪ್ಪೆಂದು ಒಪ್ಪಿ, 1953ರ ಮುದ್ರಣದಲ್ಲಿ ಅದನ್ನು ತಿದ್ದಿಸಿದಳು. ಇಂಥ ಕಾರಣಗಳಿಗಾಗಿಯೇ ಅಮೆರಿಕದ ಮಕ್ಕಳ ಗ್ರಂಥಪಾಲಕರ ಸಂಘ ಅವಳ ಹೆಸರಿನಲ್ಲಿದ್ದ ಪ್ರಶಸ್ತಿಯ ಹೆಸರನ್ನು 2018ರಲ್ಲಿ ಬದಲಿಸಿತು. ಹಾಗೆಂದು ಪುಸ್ತಕ ಮುಚ್ಚಿಡಬೇಡಿ. ಪಕ್ಕದಲ್ಲಿ ಒಂದು ಭೂಪಟ ಇಟ್ಟುಕೊಳ್ಳಿ, ಬಿಟ್ಟುಹೋದ ಊರುಗಳನ್ನೂ ಗುರುತು ಮಾಡಿ, ಪ್ರತಿ ಊರಿನಲ್ಲೂ ಇವರಿಗೆ ಮುಂಚೆ ಯಾರಿದ್ದರು ಎಂದು ಬರೆಯಿರಿ. ಒಂಬತ್ತು ವರ್ಷದ ಮಗುವಿಗೆ ಅದು ಖಂಡಿತ ಅರ್ಥವಾಗುತ್ತದೆ.

ಕೊನೆಯ ಪ್ರಶ್ನೆ, ವಂಶದ್ದು. ಚಾರ್ಲ್ಸ್ ಕ್ಯಾರೊಲಿನ್ ದಂಪತಿಯ ನೇರ ಸಂತತಿ ಇಂದು ಯಾರೂ ಇಲ್ಲ. ಮೇರಿ ಮದುವೆಯಾಗಲಿಲ್ಲ. ಕ್ಯಾರಿಗೆ ಗಂಡನ ಮೊದಲ ಮದುವೆಯ ಮಕ್ಕಳಿದ್ದರು, ಸ್ವಂತ ಮಕ್ಕಳಾಗಲಿಲ್ಲ. ಗ್ರೇಸ್‌ಗೂ ಮಕ್ಕಳಿಲ್ಲ. ಲಾರಾ 1957ರಲ್ಲಿ, ಅವಳ ಒಬ್ಬಳೇ ಮಗಳು ರೋಸ್ ಮಕ್ಕಳಿಲ್ಲದೆ 1968ರಲ್ಲಿ ತೀರಿಕೊಂಡರು. ಯಾರಾದರೂ ನಾನು ಲಾರಾಳ ಮರಿಮೊಮ್ಮಗಳು ಎಂದರೆ ನಂಬಬೇಡಿ. ಚಾರ್ಲ್ಸ್‌ನ ಒಡಹುಟ್ಟಿದವರ ಕಡೆಯಿಂದ ಬಂದವರು ಎಂದರೆ ನಂಬಬಹುದು. ಆ ಕವಲುಗಳು ಈಗಲೂ ಹಬ್ಬಿವೆ.